ವೈನ್ಸ್ ಅಂಗಡಿಯಲ್ಲಿ ವೈನ್ ಹುಡುಕುವುದು ಹೇಗೆ?

ದಾವಣಗೆರೆಯ ಯಾವುದಾದರೂ ವೈನ್ಸ್ ಅಂಗಡಿಗೆ ಹೋಗಿ ‘ವೈನ್ ಕೊಡಿ’ ಎಂದು ಕೇಳಿ ನೋಡಿ. ಕೌಂಟರ್ ಹಿಂದಿನ ಹುಡುಗ ಒಂದು ಗಳಿಗೆ ನಿಮ್ಮ ಮುಖ ನೋಡುತ್ತಾನೆ. ಹೊರಗೆ ಬೋರ್ಡಿನ ಮೇಲೆ ದೊಡ್ಡದಾಗಿ ‘ವೈನ್ಸ್’ ಎಂದೇ ಬರೆದಿರುತ್ತದೆ. ಒಳಗೆ ಓಡುವುದು ಮಾತ್ರ ವಿಸ್ಕಿ, ರಮ್, ಬ್ರಾಂದಿ, ಬಿಯರ್. ನಿಜವಾದ ವೈನ್ ಮೇಲಿನ ಹಲಗೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುತ್ತದೆ.

ಹಾಗಿದ್ದರೂ ಕೇಳುವವರು ಜಾಸ್ತಿಯಾಗಿದ್ದಾರೆ. ‘ಬೆಂಗಳೂರಿನಿಂದ ಅಕ್ಕ ಭಾವ ಬರ್ತಿದ್ದಾರೆ, ಊಟದ ಜೊತೆ ಒಂದೊಂದು ಗ್ಲಾಸ್ ಇಡೋಣ ಅಂತ. ಜೇಬು ಸುಡಬಾರದು. ಯಾವುದು ತರಲಿ?’ ಇದೇ ಪ್ರಶ್ನೆ ಚಿತ್ರದುರ್ಗದಿಂದಲೂ ಬರುತ್ತದೆ, ಹರಿಹರದಿಂದಲೂ ಬರುತ್ತದೆ. ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅದೇ ಹೆಸರಿನ ಬಾಟಲಿ ಒಂದು ಅಂಗಡಿಯಲ್ಲಿ ಚೆನ್ನಾಗಿರುತ್ತದೆ, ಪಕ್ಕದ ರಸ್ತೆಯ ಅಂಗಡಿಯಲ್ಲಿ ಹಾಳಾಗಿರುತ್ತದೆ. ನಮ್ಮ ಕಡೆ ವೈನ್ ಕೆಡುವುದು ಬೆಲೆಯಿಂದಲ್ಲ, ಬಿಸಿಲಿನಿಂದ. ಸೆಕೆಯಲ್ಲಿ ಬೆಂದ 1500 ರೂಪಾಯಿ ಬಾಟಲಿಗಿಂತ ನೆರಳಲ್ಲಿದ್ದ 700 ರೂಪಾಯಿ ಬಾಟಲಿ ಎಷ್ಟೋ ಮೇಲು. ಇದೊಂದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಶುರು ಮಾಡುವ ಮುಂಚೆ ಎರಡು ಮಾತು. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವ ಹಾಗಿಲ್ಲ. ಮನೆಯಲ್ಲೂ ಅದೇ ನಿಯಮ ಇಟ್ಟುಕೊಳ್ಳಿ. ಇನ್ನೊಂದು, ‘ರೆಡ್ ವೈನ್ ಹೃದಯಕ್ಕೆ ಒಳ್ಳೆಯದಂತೆ’ ಎನ್ನುವ ಮಾತನ್ನು ಬಿಟ್ಟುಬಿಡಿ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿದೆ. ರುಚಿಗಾಗಿ ಕುಡಿಯುತ್ತೇವೆ ಎಂದರೆ ಸರಿ. ಔಷಧಿ ಎಂದು ಕುಡಿಯುವುದು ಬೇಡ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ತಲೆಗಳ ಲೆಕ್ಕ, ಬಾಟಲಿಗೆ 600ರಿಂದ 1000 ರೂಪಾಯಿ ಬಜೆಟ್, ಬೆಂಡಿನ (ಕಾರ್ಕ್) ಮುಚ್ಚಳ ತೆಗೆಯುವ ತಿರುಪು, ಗಾಜಿನ ಲೋಟಗಳು, ಒಂದು ಹಳೇ ನೋಟ್‌ಬುಕ್.

ಹಂತ 1: ಮೊದಲು ಮನೆಯವರನ್ನು ಕೇಳಿ

ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಾಟಲಿ ಹೊಸ್ತಿಲು ದಾಟುವ ಹಾಗಿಲ್ಲ. ಕೆಲವು ಮನೆಗಳಲ್ಲಿ ಅಳಿಯ ಕುಡಿಯುತ್ತಾನೆ ಎಂದು ಮಾವನಿಗೆ ಗೊತ್ತು, ಮಾವ ಕುಡಿಯುತ್ತಾರೆ ಎಂದು ಅಳಿಯನಿಗೆ ಗೊತ್ತು, ಆದರೆ ಇಬ್ಬರೂ ಎದುರುಬದುರು ಕೂರುವುದಿಲ್ಲ. ಅತ್ತೆಗೆ ಆಸೆ ಇರಬಹುದು, ಹೇಳಲು ಸಂಕೋಚ. ಸರ್‌ಪ್ರೈಸ್ ಕೊಡಲು ಹೋಗಿ ಊಟ ಕೆಡಿಸಬೇಡಿ. ಎರಡು ದಿನ ಮುಂಚೆ ಫೋನಿನಲ್ಲಿ ಕೇಳಿ. ಯಾರಾದರೂ ಹಿರಿಯರು ಬೇಡ ಎಂದರೆ ಅವತ್ತಿಗೆ ಬೇಡ, ಅಷ್ಟೆ.

ಗರ್ಭಿಣಿಯರಿಗೆ, ಎದೆಹಾಲು ಕುಡಿಸುವವರಿಗೆ, ಲಿವರ್ ತೊಂದರೆ ಇರುವವರಿಗೆ ಕೊಡಬೇಡಿ. ಸಕ್ಕರೆ ಕಾಯಿಲೆ, ಬಿಪಿ, ನಿದ್ರೆ ಮಾತ್ರೆ, ಕೆಲವು ಆಂಟಿಬಯೋಟಿಕ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಲಿ. ‘ಒಂದೇ ಒಂದು ಸಿಪ್, ಏನೂ ಆಗಲ್ಲ’ ಎಂದು ಒತ್ತಾಯ ಮಾಡುವ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೂ ಮುಂಚೆಯೇ ಹೇಳಿಡಿ.

ಕುಡಿಯದವರಿಗೆ ದಾಳಿಂಬೆ ರಸವನ್ನೋ ನಿಂಬೆ ಶರಬತ್ತನ್ನೋ ಅದೇ ಥರದ ಗಾಜಿನ ಲೋಟದಲ್ಲಿ ಕೊಡಿ. ಇಬ್ಬರಿಗೆ ಗಾಜಿನ ಲೋಟ, ಒಬ್ಬರಿಗೆ ಸ್ಟೀಲ್ ಲೋಟ ಕೊಟ್ಟರೆ ಪಂಕ್ತಿ ಬೇರೆ ಮಾಡಿದ ಹಾಗೆ ಕಾಣುತ್ತದೆ.

ಈಗ ಲೆಕ್ಕ. ಒಂದು ಬಾಟಲಿ 750 ಎಂಎಲ್. ಒಬ್ಬರಿಗೆ 125 ಎಂಎಲ್ ಎಂದರೆ ಆರು ಗ್ಲಾಸ್ ಆಗುತ್ತದೆ. ಆರು ಜನಕ್ಕೆ ಒಂದು ಬಾಟಲಿ ಸಾಕು, ಎರಡು ತಂದರೆ ಜಾಸ್ತಿಯೇ.

ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ‘ವೈನ್ ಅಲ್ವಾ, ಜ್ಯೂಸ್ ಇದ್ದ ಹಾಗೆ’ ಎನ್ನುತ್ತಾರೆ. 13% ಆಲ್ಕೊಹಾಲ್ ಇರುವ ವೈನ್ 125 ಎಂಎಲ್ ಕುಡಿದರೆ ಹೊಟ್ಟೆಗೆ ಹೋಗುವ ಆಲ್ಕೊಹಾಲ್ ಸುಮಾರು 16 ಎಂಎಲ್. 42.8% ಇರುವ ವಿಸ್ಕಿಯ 30 ಎಂಎಲ್ ಪೆಗ್‌ನಲ್ಲಿ ಇರುವುದು ಸುಮಾರು 13 ಎಂಎಲ್. ಅಂದರೆ ಒಂದು ಗ್ಲಾಸ್ ವೈನ್ ಒಂದು ಸ್ಮಾಲ್‌ಗಿಂತ ಜಾಸ್ತಿ. ಪೂರ್ತಿ ಬಾಟಲಿ ವೈನ್‌ನಲ್ಲಿ ಒಂದು ಕ್ವಾರ್ಟರ್ (180 ಎಂಎಲ್) ವಿಸ್ಕಿಗಿಂತ ಹೆಚ್ಚು ಆಲ್ಕೊಹಾಲ್ ಇರುತ್ತದೆ. ಊಟ ಮುಗಿಸಿ ಗಾಡಿ ಓಡಿಸಿಕೊಂಡು ಹೋಗುವವರು ಒಂದು ಗ್ಲಾಸ್ ಕೂಡ ಮುಟ್ಟಬಾರದು. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು, ಜೈಲೂ ಆಗಬಹುದು.

ಹಂತ 2: ಐದು ಪದ ಕಲಿಯಿರಿ, ಸಾಕು

ವೈನ್ ಬಗ್ಗೆ ಮಾತಾಡುವವರು ಹೆದರಿಸುವುದು ಪದಗಳಿಂದ. ಅಂಗಡಿಯಲ್ಲಿ ಆರಿಸಲು ನಿಮಗೆ ಬೇಕಾದದ್ದು ಐದೇ ಐದು.

ಡ್ರೈ: ಸಿಹಿ ಇಲ್ಲದ್ದು. ದ್ರಾಕ್ಷಿಯ ಸಕ್ಕರೆಯನ್ನು ಈಸ್ಟ್ ತಿಂದು ಆಲ್ಕೊಹಾಲ್ ಮಾಡುತ್ತದೆ. ಸಕ್ಕರೆ ಪೂರ್ತಿ ಖಾಲಿಯಾದರೆ ವೈನ್ ಡ್ರೈ. ಮೊದಲ ಸಲ ಕುಡಿಯುವವರು ‘ಹುಳಿಯಾಗಿದೆ, ಕೆಟ್ಟಿದೆ’ ಎನ್ನುವುದು ಬಹಳ ಸಲ ಡ್ರೈ ವೈನನ್ನೇ. ಅದು ಕೆಟ್ಟಿರುವುದಿಲ್ಲ.

ಆಫ್-ಡ್ರೈ: ಸ್ವಲ್ಪ ಸಿಹಿ ಉಳಿಸಿದ್ದು. ನಮ್ಮ ಮನೆಗಳಲ್ಲಿ ಹೊಸಬರಿಗೆ ಹಿಡಿಸುವುದು ಇದೇ.

ಹುಳಿ: ಬಾಯಲ್ಲಿ ನೀರೂರಿಸುವ ಗುಣ. ವೈಟ್ ವೈನ್‌ನಲ್ಲಿ ಎದ್ದು ಕಾಣುತ್ತದೆ. ನಿಂಬೆಹಣ್ಣು ಹಿಂಡಿದ ಪಲ್ಯಕ್ಕೂ ಹಿಂಡದ ಪಲ್ಯಕ್ಕೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ.

ಟ್ಯಾನಿನ್: ಒಗರು. ಚನ್ನಗಿರಿ, ಹೊಳಲ್ಕೆರೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವುದು ಇದೇ. ಹಸಿ ಅಡಿಕೆ ಅಗಿದಾಗ ನಾಲಿಗೆ, ಒಸಡು ಹಿಡಿದುಕೊಂಡ ಹಾಗಾಗುತ್ತದಲ್ಲ, ರೆಡ್ ವೈನ್ ಕೂಡ ಹಾಗೇ ಹಿಡಿಯುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಗುಣ ಅದು. ಅಡಿಕೆ ಹಾಕುವ ನಮ್ಮ ಅಜ್ಜಂದಿರಿಗೆ ಒಗರು ರೆಡ್ ವೈನ್ ಮೊದಲ ಗುಟುಕಿಗೇ ಹಿಡಿಸಿಬಿಡುವುದನ್ನು ನೋಡಿದ್ದೇನೆ. ಪೇಟೆಯ ಮೊಮ್ಮಕ್ಕಳೇ ಮುಖ ಕಿವುಚುತ್ತಾರೆ.

ಬಾಡಿ: ಬಾಯಲ್ಲಿ ಎಷ್ಟು ಗಟ್ಟಿ ಎನಿಸುತ್ತದೆ ಎಂಬುದು. ನೀರು ಮಜ್ಜಿಗೆಯೋ, ಗಟ್ಟಿ ಹಾಲೋ. ಅಷ್ಟೇ.

ಹಂತ 3: ಬಾಟಲಿ ಆರಿಸುವ ಮುಂಚೆ ಅಂಗಡಿ ಆರಿಸಿ

ಇಲ್ಲಿಯೇ ಹೆಚ್ಚಿನವರು ಎಡವುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವೈನ್‌ಗೆ ಹಿತವಾದ ಜಾಗ ಎಂದರೆ ತಂಪು, ಕತ್ತಲು, ಅಲುಗಾಟ ಇಲ್ಲದ್ದು. 12ರಿಂದ 15 ಡಿಗ್ರಿ ಇದ್ದರೆ ಸ್ವರ್ಗ. ದಾವಣಗೆರೆಯಲ್ಲಿ ಏಪ್ರಿಲ್‌ನ ಮಧ್ಯಾಹ್ನ 38 ಡಿಗ್ರಿ ಮುಟ್ಟುತ್ತದೆ. ತಗಡಿನ ಶಟರ್, ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿ, ಫ್ಯಾನ್ ಇಲ್ಲದ ಮೇಲಿನ ಹಲಗೆ. ಅಲ್ಲಿ ವೈನ್ ಒಂದು ಬೇಸಿಗೆ ಕಳೆದರೆ ಬೆಂದುಹೋಗುತ್ತದೆ. ವಿಸ್ಕಿ, ರಮ್‌ಗೆ ಈ ಕಾಟ ಅಷ್ಟಿಲ್ಲ. ಅವುಗಳಲ್ಲಿ ಆಲ್ಕೊಹಾಲ್ ಜಾಸ್ತಿ. ಅದಕ್ಕೇ ಅಂಗಡಿಯವರಿಗೂ ವೈನನ್ನು ಬೇರೆ ಥರ ಇಡಬೇಕು ಎನಿಸುವುದಿಲ್ಲ.

ನಾನೂ ಹೀಗೆ ಮೋಸ ಹೋಗಿದ್ದೇನೆ. ಹಬ್ಬದ ಹಿಂದಿನ ಸಂಜೆ ಅವಸರದಲ್ಲಿ ಶೋಕೇಸ್‌ನಲ್ಲಿಟ್ಟಿದ್ದ ಬಾಟಲಿಯನ್ನೇ ತಂದೆ. ನೋಡಲು ಚೆಂದ ಇತ್ತು. ಮನೆಯಲ್ಲಿ ಸುರಿದರೆ ಹಳೇ ಹುಣಸೆಹಣ್ಣಿನ ಬಣ್ಣ, ಕುದಿಸಿದ ಜಾಮಿನ ವಾಸನೆ. ಅದು ಎಷ್ಟು ತಿಂಗಳು ಗಾಜಿನ ಹಿಂದೆ ಬಿಸಿಲು ಕಾಯಿಸಿತ್ತೋ.

ಅಂಗಡಿಯಲ್ಲಿ ನೋಡಬೇಕಾದದ್ದು ಇಷ್ಟು:

1. ವೈನ್ ಫ್ರಿಜ್‌ನಲ್ಲಿದೆಯಾ, ಎಸಿ ಕೋಣೆಯಲ್ಲಿದೆಯಾ, ಸುಮ್ನೆ ಹಲಗೆ ಮೇಲಿದೆಯಾ? ಬಿಯರ್ ಫ್ರಿಜ್‌ನ ಕೆಳಗಿನ ಸಾಲಿನಲ್ಲಿದ್ದರೂ ಪರವಾಗಿಲ್ಲ, ಹಲಗೆಗಿಂತ ಮೇಲು.
2. ವಾರಕ್ಕೆ ಎಷ್ಟು ಬಾಟಲಿ ವೈನ್ ಹೋಗುತ್ತದೆ ಎಂದು ಕೇಳಿ. ‘ಅಯ್ಯೋ ಯಾರು ಕೇಳ್ತಾರೆ ಸಾರ್’ ಎಂದರೆ ಥ್ಯಾಂಕ್ಸ್ ಹೇಳಿ ಹೊರಡಿ.
3. ಬೆಂಡಿನ ಮುಚ್ಚಳ ಬಾಟಲಿ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಕತ್ತಿನ ಬಳಿ ಅಂಟಂಟಾಗಿ ಸೋರಿದ ಗುರುತಿದ್ದರೆ ಮುಟ್ಟಬೇಡಿ. ಬಿಸಿಗೆ ಒಳಗಿನ ವೈನ್ ಹಿಗ್ಗಿ ಬೆಂಡನ್ನು ತಳ್ಳಿದೆ ಎಂದರ್ಥ.
4. ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಕತ್ತಿನವರೆಗೂ ತುಂಬಿರಬೇಕು. ವೈಟ್ ವೈನ್ ಹುಲ್ಲಿನ ಬಣ್ಣ ಬಿಟ್ಟು ಚಹಾದ ಬಣ್ಣಕ್ಕೆ ತಿರುಗಿದ್ದರೆ ಬೇಡ.

ಲೈಸೆನ್ಸ್ ಬಗ್ಗೆಯೂ ಸ್ವಲ್ಪ ಗೊತ್ತಿರಲಿ. ಸಿಎಲ್-2 ಎಂದರೆ ಬಾಟಲಿ ಕೊಂಡು ಮನೆಗೆ ಒಯ್ಯುವ ಅಂಗಡಿ. ಅಲ್ಲೇ ನಿಂತು ಕುಡಿಯುವ ಹಾಗಿಲ್ಲ. ಸಿಎಲ್-9 ಎಂದರೆ ಬಾರ್ ಅಂಡ್ ರೆಸ್ಟೋರೆಂಟ್. ಎಂಎಸ್‌ಐಎಲ್ ಮಳಿಗೆಗಳು ಸರ್ಕಾರಿ ಸಂಸ್ಥೆಯವು. ಸಿಎಲ್-2 ಮತ್ತು ಎಂಎಸ್‌ಐಎಲ್‌ನಲ್ಲಿ ಬಾಟಲಿ ಮೇಲಿನ ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ. ಮನೆಗೆ ಒಯ್ಯಲು ಬಾರ್‌ನಿಂದ ಕೊಂಡರೆ ಸುಮ್ನೆ ದುಡ್ಡು ಜಾಸ್ತಿ.

ಆಯ್ಕೆ ಜಾಸ್ತಿ ಬೇಕು ಎಂದರೆ ಬೆಂಗಳೂರಿಗೆ ಹೋದಾಗ ದೊಡ್ಡ ಅಂಗಡಿಗಳಲ್ಲಿ ನೋಡಿ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದು, ವೈನ್ ಮಂಡಳಿ ಮಾಡಿದ ಮೇಲೆ ವೈನ್ ಮಾತ್ರ ಮಾರುವ ಬೊಟಿಕ್‌ಗಳಿಗೂ ದಾರಿಯಾಯಿತು. ಅಲ್ಲಿನವರಿಗೆ ಒಂದೆರಡು ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ.

ಗೋವಾದಲ್ಲಿ ಅಗ್ಗ ಎಂದು ಬರುವಾಗ ಡಿಕ್ಕಿ ತುಂಬಿಸಿಕೊಂಡು ಬರಬೇಡಿ. ಆ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂದು ಬಾಟಲಿ ಮೇಲೇ ಬರೆದಿರುತ್ತದೆ. ಪರ್ಮಿಟ್ ಇಲ್ಲದೆ ಗಡಿ ದಾಟಿಸಿದರೆ ಚೆಕ್‌ಪೋಸ್ಟ್‌ನಲ್ಲಿ ಬಾಟಲಿಯೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಫೋನಿನಲ್ಲಿ ‘ಮನೆಗೇ ತಂದುಕೊಡ್ತೀವಿ, ಮೊದಲು ಯುಪಿಐ ಮಾಡಿ’ ಎನ್ನುವ ನಂಬರ್‌ಗಳು ಬಹುಪಾಲು ವಂಚಕರವು. ದುಡ್ಡು ಹೋಗುತ್ತದೆ, ಬಾಟಲಿ ಬರುವುದಿಲ್ಲ.

ಗಣೇಶ ವಿಸರ್ಜನೆ ಮೆರವಣಿಗೆ, ಚುನಾವಣೆ, ಗಾಂಧಿ ಜಯಂತಿ ಬಂದರೆ ಅಂಗಡಿ ಮುಚ್ಚಿರುತ್ತದೆ. ದೊಡ್ಡ ಗಣೇಶ ಮೆರವಣಿಗೆ ನೋಡುವ ಚಿತ್ರದುರ್ಗದವರಿಗೆ ಇದು ಹೇಳಬೇಕಾಗಿಲ್ಲ. ಎರಡು ದಿನ ಮುಂಚೆಯೇ ತಂದಿಡಿ.

ಹಂತ 4: ಲೇಬಲ್ ಓದಿ

ಮುಂದಿನ ಲೇಬಲ್ ಜಾಹೀರಾತು ಇದ್ದ ಹಾಗೆ. ಬಾಟಲಿ ತಿರುಗಿಸಿ ಹಿಂದಿನದನ್ನು ಓದಿ.

ಮೊದಲು ತಾರೀಖು. ವಿಂಟೇಜ್ ಎಂದು ಒಂದು ವರ್ಷ ಹಾಕಿದ್ದರೆ ಅದು ದ್ರಾಕ್ಷಿ ಕೊಯ್ದ ವರ್ಷ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ವರ್ಷ ಇಲ್ಲದಿದ್ದರೆ ಬಾಟಲಿಗೆ ತುಂಬಿದ ತಿಂಗಳು, ಬ್ಯಾಚ್ ನಂಬರ್ ಹುಡುಕಿ, ಸಣ್ಣಕ್ಷರದಲ್ಲಿ ಇರುತ್ತದೆ. ‘ವೈನ್ ಹಳೆಯದಾದಷ್ಟೂ ರುಚಿ’ ಎಂಬ ಗಾದೆಯಂಥ ಮಾತು ನಮ್ಮ ಬಜೆಟ್ಟಿಗೆ ಹೊಂದುವುದಿಲ್ಲ. ವರ್ಷಗಟ್ಟಲೆ ಇಟ್ಟು ಕುಡಿಯುವ ವೈನ್ ಬೇರೆ, ಅದರ ಬೆಲೆ ಬೇರೆ, ಇಡುವ ಜಾಗವೂ ಬೇರೆ. 1000 ರೂಪಾಯಿ ಒಳಗಿನ ವೈಟ್ ಮತ್ತು ರೋಸೆ (ಗುಲಾಬಿ ಬಣ್ಣದ ವೈನ್) ಎರಡು ವರ್ಷದ ಒಳಗಿನದಿರಲಿ. ರೆಡ್ ಆದರೆ ಮೂರ್ನಾಲ್ಕು ವರ್ಷ. ಅದಕ್ಕಿಂತ ಹಳೆಯದನ್ನು ‘ಸಾರ್, ಹಳೇ ಸ್ಟಾಕ್, ಸೂಪರ್’ ಎಂದು ಕೊಟ್ಟರೆ ನಗುತ್ತಾ ವಾಪಸ್ ಇಡಿ.

ಆಮೇಲೆ ಆಲ್ಕೊಹಾಲ್ ಶೇಕಡಾ. ಸಾಮಾನ್ಯ ವೈನ್ 11ರಿಂದ 14.5% ಇರುತ್ತದೆ. ‘ಪೋರ್ಟ್’ ಎಂದು ಬರೆದ ಸಿಹಿ ಕೆಂಪು ವೈನ್ ಬಂದಾಗ ಇದನ್ನು ಖಂಡಿತ ನೋಡಿ. ಪೋರ್ಚುಗಲ್‌ನ ಅಸಲಿ ಪೋರ್ಟ್ ಎಂದರೆ ಅರ್ಧ ಹುದುಗಿದ ವೈನ್‌ಗೆ ದ್ರಾಕ್ಷಿಯಿಂದ ಇಳಿಸಿದ ಗಡುಸಾದ ಮದ್ಯ ಸೇರಿಸಿ ಹುದುಗು ನಿಲ್ಲಿಸಿದ್ದು. ಸುಮಾರು 20% ಇರುತ್ತದೆ. ನಮ್ಮಲ್ಲಿ ಆ ಹೆಸರಿನಲ್ಲಿ ಸಿಗುವುದು ಬೇರೆಯದೇ ಸಿಹಿ ವೈನ್, ಒಂದೊಂದರಲ್ಲಿ ಒಂದೊಂದು ಪ್ರಮಾಣ. ಸಿಹಿ ಇರುವುದರಿಂದ ಗೊತ್ತಾಗದೆ ಎರಡು ಗ್ಲಾಸ್ ಇಳಿದಿರುತ್ತದೆ.

‘ಸಲ್ಫೈಟ್ ಇದೆ’ ಎಂದು ಬರೆದಿರುವುದು ನೋಡಿ ಗಾಬರಿಯಾಗಬೇಡಿ. ವೈನ್ ಕೆಡದಂತೆ ಹಾಕುವ ವಸ್ತು ಅದು, ಹೆಚ್ಚುಕಡಿಮೆ ಎಲ್ಲ ಬಾಟಲಿಯಲ್ಲೂ ಇರುತ್ತದೆ. ಅಸ್ತಮಾ ಇರುವ ಕೆಲವರಿಗೆ ಮಾತ್ರ ಆಗಿಬರುವುದಿಲ್ಲ.

ಪಕ್ಕಾ ಸಸ್ಯಾಹಾರಿಗಳು ಕೇಳುವ ಪ್ರಶ್ನೆಯೊಂದಿದೆ. ವೈನ್ ತಿಳಿಯಾಗಲು ಕೆಲವು ಕಡೆ ಮೊಟ್ಟೆಯ ಬಿಳಿ, ಮೀನಿನಿಂದ ತೆಗೆದ ಅಂಟು ಅಥವಾ ಹಾಲಿನ ಪ್ರೋಟೀನ್ ಬಳಸುತ್ತಾರೆ. ಆಮೇಲೆ ಸೋಸಿ ತೆಗೆಯುತ್ತಾರೆ, ಆದರೂ ಮನಸ್ಸಿಗೆ ಬರದಿರಬಹುದು. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ ಇದ್ದಾರೆ. ಲೇಬಲ್ ಮೇಲೆ ವೀಗನ್ ಎಂದಿದ್ದರೆ ನಿಶ್ಚಿಂತೆ.

ಇನ್ನೊಂದು, ತಿರುಪಿನ ಮುಚ್ಚಳ ಇದ್ದರೆ ಕೀಳು ವೈನ್ ಎಂದುಕೊಳ್ಳಬೇಡಿ. ನಮ್ಮ ಹವೆಗೆ, ನಮ್ಮ ಬಜೆಟ್ಟಿಗೆ ತಿರುಪಿನ ಮುಚ್ಚಳವೇ ಒಳ್ಳೆಯದು. ಬೆಂಡು ಒಣಗಿ ಗಾಳಿ ಹೋಗುವ ಭಯ ಇಲ್ಲ.

ಹಂತ 5: ದೇಶದ್ದನ್ನೇ ಕೊಳ್ಳಿ, ಸಣ್ಣ ಬಾಟಲಿಯಿಂದ ಶುರು ಮಾಡಿ

ವಿದೇಶಿ ಬಾಟಲಿ ಕಂಡರೆ ಕೈ ಅದರ ಕಡೆಗೇ ಹೋಗುತ್ತದೆ. ತಡೆಯಿರಿ. ವಿದೇಶಿ ವೈನ್ ಮೇಲೆ ಬಹಳ ವರ್ಷ 150% ಆಮದು ಸುಂಕ ಇತ್ತು. ಕೆಲವು ದೇಶಗಳ ಜೊತೆ ಒಪ್ಪಂದವಾಗಿ ಇಳಿಯತೊಡಗಿದೆ, ನಿಜ. ಆದರೆ ಕಡಿಮೆ ಬೆಲೆಯ ವಿದೇಶಿ ಬಾಟಲಿಗೆ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ತೆರಿಗೆ, ಹಡಗು, ಲಾರಿಗೇ ಹೋಗುತ್ತದೆ. ಒಳಗಿನ ವೈನ್‌ಗೆ ಉಳಿಯುವುದು ಸ್ವಲ್ಪ. ಅದೇ ದುಡ್ಡಿಗೆ ದೇಶದ ವೈನ್ ಒಂದು ಮೆಟ್ಟಿಲು ಮೇಲಿನದು ಸಿಗುತ್ತದೆ.

ಎಲ್ಲಿನದು? ನಾಸಿಕ್ ಕಡೆಯ ಸುಲಾ ಕಂಪನಿಯ ವೈನ್ ಎಲ್ಲ ಕಡೆ ಸಿಗುತ್ತದೆ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ ತೋಟ ಇರುವ ಗ್ರೋವರ್ ನಮ್ಮ ರಾಜ್ಯದ್ದೇ. ಮಹಾರಾಷ್ಟ್ರದ ಅಕ್ಲೂಜ್‌ನ ಫ್ರಾಟೆಲಿ ಇದೆ. ಕೊಪ್ಪಳ ಜಿಲ್ಲೆಯಲ್ಲಿ, ನಮಗೆ ಅಷ್ಟೇನೂ ದೂರವಲ್ಲದ ಕಲ್ಲುಗುಡ್ಡಗಳ ನಡುವೆ, ಕೃಷ್ಮಾ ಎಂಬ ತೋಟ ಒಳ್ಳೆಯ ರೆಡ್ ಮಾಡುತ್ತದೆ. ಬೆಲೆ ಮಾತ್ರ ನಮ್ಮ ಬಜೆಟ್ ದಾಟುತ್ತದೆ. ಮದುವೆ ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಿ.

ಹೆಸರಿಗಿಂತ ದ್ರಾಕ್ಷಿಯ ಜಾತಿ ನೋಡುವುದು ಮೇಲು. ಶೆನಿನ್ ಬ್ಲಾಂಕ್ ಎಂದರೆ ಹಣ್ಣಿನ ಪರಿಮಳದ ವೈಟ್. ನಮ್ಮಲ್ಲಿ ಹೆಚ್ಚಾಗಿ ಸ್ವಲ್ಪ ಸಿಹಿ ಬಿಟ್ಟೇ ಮಾಡುತ್ತಾರೆ. ರೀಸ್ಲಿಂಗ್ ಕೂಡ ಹಾಗೇ, ಹೂವಿನ ವಾಸನೆ ಹೆಚ್ಚು. ಸೋವಿನ್ಯೋನ್ ಬ್ಲಾಂಕ್ ಹುಳಿ ಜಾಸ್ತಿ, ಹಸಿ ಹುಲ್ಲು, ಹಸಿ ಮೆಣಸಿನ ವಾಸನೆ. ರೋಸೆ ಎಂದರೆ ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ರಸದಲ್ಲಿ ಸ್ವಲ್ಪ ಹೊತ್ತು ಮಾತ್ರ ನೆನೆಸಿ ಮಾಡಿದ ಗುಲಾಬಿ ಬಣ್ಣದ ವೈನ್. ರೆಡ್ ಮತ್ತು ವೈಟ್ ಕಲಸಿದ್ದಲ್ಲ. ಶಿರಾಜ್ ನೇರಳೆ ಹಣ್ಣು, ಕಾಳುಮೆಣಸು ನೆನಪಿಸುವ ರೆಡ್. ಕ್ಯಾಬರ್ನೆ ಸೋವಿನ್ಯೋನ್ ಹೆಚ್ಚು ಒಗರು.

ಬೆಂಗಳೂರು ಬ್ಲೂ ಎಂಬ ಹೆಸರು ಕಂಡರೆ ಅದು ತಳ್ಳುಗಾಡಿಯಲ್ಲಿ ಸಿಗುವ, ಸಿಪ್ಪೆ ಜಾರುವ ಕಪ್ಪು ದ್ರಾಕ್ಷಿ. ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ನಮ್ಮದೇ ಹಣ್ಣು. ಜ್ಯೂಸ್‌ಗೆ ಬಹಳ ಚೆನ್ನ. ಅದರಿಂದ ಮಾಡುವುದು ಹೆಚ್ಚಾಗಿ ಸಿಹಿ ವೈನ್. ಅಗ್ಗವಾಗಿ ಸಿಗುತ್ತದೆ, ಕ್ರಿಸ್‌ಮಸ್ ಕೇಕಿನ ಜೊತೆ ಸೊಗಸು. ಊಟದ ಜೊತೆ ನನಗಂತೂ ಸೇರುವುದಿಲ್ಲ.

ಮೊದಲ ಸಲ 375 ಎಂಎಲ್‌ನ ಅರ್ಧ ಬಾಟಲಿ ಕೇಳಿ. ಎರಡು ಬೇರೆ ಬೇರೆ ಅರ್ಧ ಬಾಟಲಿ ತಂದರೆ ಒಂದೇ ಊಟದಲ್ಲಿ ಎರಡು ರುಚಿ ನೋಡಿದ ಹಾಗಾಯಿತು. ಮನೆಯಲ್ಲಿ ಯಾರಿಗೂ ಅಭ್ಯಾಸ ಇಲ್ಲ ಎಂದರೆ ಒಂದು ಶೆನಿನ್ ಬ್ಲಾಂಕ್, ಒಂದು ರೋಸೆ. ವಿಸ್ಕಿ ಕುಡಿಯುವವರಿದ್ದರೆ ಶಿರಾಜ್.

ಮನೆಯಲ್ಲೇ ದ್ರಾಕ್ಷಿ, ಸಕ್ಕರೆ, ಗೋಧಿ ಹಾಕಿ ಭರಣಿಯಲ್ಲಿಡೋಣ ಎಂದು ಕೆಲವರು ಕೇಳುತ್ತಾರೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆಯಡಿ ಅಪರಾಧ. ನಾನು ಆ ದಾರಿ ಹೇಳಿಕೊಡುವುದಿಲ್ಲ.

ಹಂತ 6: ತರುವಾಗ, ಇಡುವಾಗ

ಬೆಂಗಳೂರಿನಿಂದ ಕಾರಿನಲ್ಲಿ ತರುವವರು ಹಿರಿಯೂರಿನಲ್ಲಿ ಊಟಕ್ಕೆ ಇಳಿದು ಒಂದು ಗಂಟೆ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸುತ್ತಾರೆ. ಮುಚ್ಚಿದ ಕಾರಿನ ಒಳಗೆ ಕೈ ಇಡಲಾಗದಷ್ಟು ಸೆಕೆ. ಬಾಟಲಿಗಳನ್ನು ಒದ್ದೆ ಟವೆಲ್ ಸುತ್ತಿ, ಸೀಟಿನ ಕೆಳಗೆ ಎಸಿ ಗಾಳಿ ಬರುವಲ್ಲಿ ಇಡಿ. ಇಲ್ಲವೇ ಸಂಜೆ ಹೊರಡಿ.

ಮನೆಯಲ್ಲಿ ಅಡುಗೆಮನೆ ಅಟ್ಟ ಬೇಡವೇ ಬೇಡ. ಫ್ರಿಜ್ ಮೇಲೂ ಬೇಡ, ಅದು ಬಿಸಿ. ವಾರದೊಳಗೆ ತೆರೆಯುವುದಾದರೆ ಫ್ರಿಜ್ ಒಳಗೇ ಇಡಿ. ತಿಂಗಳಾದರೆ ಮಂಚದ ಕೆಳಗೆ, ಕತ್ತಲಿರುವ ಕೋಣೆಯಲ್ಲಿ. ಬೆಂಡಿನ ಮುಚ್ಚಳ ಇದ್ದರೆ ಮಲಗಿಸಿ. ಬೇಸಿಗೆ ದಾಟಿಸಿ ಇಡುವ ಯೋಚನೆ ಬಿಡಿ.

ಹಂತ 7: ಊಟ ನೋಡಿ ಬಾಟಲಿ ತೆರೆಯಿರಿ

ವೈನ್ ಪುಸ್ತಕಗಳಲ್ಲಿ ಚೀಸ್, ಸ್ಟೇಕ್ ಎಂದೆಲ್ಲ ಬರೆದಿರುತ್ತದೆ. ನಮ್ಮ ತಟ್ಟೆಯಲ್ಲಿರುವುದು ಖಾರ. ಇಲ್ಲಿ ಒಂದೇ ನಿಯಮ ಗೊತ್ತಿದ್ದರೆ ಸಾಕು: ಆಲ್ಕೊಹಾಲ್ ಮತ್ತು ಒಗರು ಎರಡೂ ಖಾರವನ್ನು ಹೆಚ್ಚಿಸುತ್ತವೆ, ಸಿಹಿ ಮತ್ತು ತಣ್ಣಗಿರುವುದು ಖಾರವನ್ನು ಇಳಿಸುತ್ತವೆ.

ಹಾಗಾಗಿ ಮಿರ್ಚಿ, ಮಂಡಕ್ಕಿ ಜೊತೆ ಒಗರಾದ ರೆಡ್ ಕೊಟ್ಟರೆ ಬಾಯಿಗೆ ಬೆಂಕಿ ಬಿದ್ದ ಹಾಗೆ. ಅದರ ಬದಲು ಚೆನ್ನಾಗಿ ತಣ್ಣಗಾದ ಆಫ್-ಡ್ರೈ ಶೆನಿನ್ ಬ್ಲಾಂಕ್ ಕೊಡಿ. ಮಿರ್ಚಿಯ ಎಣ್ಣೆ, ಕಡ್ಲೆಹಿಟ್ಟಿನ ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಖಾರವನ್ನು ಸಿಹಿ ಸಮಾಧಾನ ಮಾಡುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿ. ದಾವಣಗೆರೆಯಲ್ಲಿ ಹುಟ್ಟಿದವರಿಗೆ ವೈನ್ ಅರ್ಥವಾಗಬೇಕಾದರೆ ಇದಕ್ಕಿಂತ ಸುಲಭ ದಾರಿ ಇಲ್ಲ. ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ಇದ್ದರೆ ಇನ್ನೂ ಚೆನ್ನ, ಬೆಲೆ ಸ್ವಲ್ಪ ಏರುತ್ತದೆ. ಸಂಜೆ ಪಾರ್ಸೆಲ್ ತಂದ ಬೆಣ್ಣೆ ದೋಸೆಗೂ ಅದು ಹೊಂದುತ್ತದೆ. ಬೆಳಗಿನ ತಿಂಡಿಗೆ ದಯವಿಟ್ಟು ಕಾಫಿ ಕುಡಿಯಿರಿ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಇದ್ದರೆ ರೋಸೆ. ಶೇಂಗಾ, ಎಳ್ಳು, ಗುರೆಳ್ಳಿನ ಜಿಡ್ಡು ಇರುವ ಊಟಕ್ಕೆ ವೈಟ್ ತೆಳುವಾಗುತ್ತದೆ, ಒಗರಾದ ರೆಡ್ ಕಹಿಯಾಗುತ್ತದೆ. ರೋಸೆ ನಡುವೆ ನಿಲ್ಲುತ್ತದೆ.

ಚಿತ್ರದುರ್ಗದ ಕಡೆಯ ಮುದ್ದೆ, ಮಟನ್ ಸಾರಿಗೆ ಶಿರಾಜ್ ಸರಿ. ಮಾಂಸದ ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ. ಆದರೆ ಸಾರು ಮಾಡುವವರಿಗೆ ಅವತ್ತು ಒಂದು ಹಿಡಿ ಖಾರ ಕಡಿಮೆ ಹಾಕಲು ಹೇಳಿ. ಹೇಳುವ ಧೈರ್ಯ ಇದ್ದರೆ.

ಹೋಳಿಗೆ, ಜಾಮೂನು ತಿಂದು ಡ್ರೈ ವೈನ್ ಕುಡಿದರೆ ಬರೀ ಹುಳಿನೀರು. ಸಿಹಿಯ ಜೊತೆ ಕೊಡುವ ವೈನ್ ಆ ಸಿಹಿಗಿಂತ ಸಿಹಿ ಇರಬೇಕು. ಲೇಟ್ ಹಾರ್ವೆಸ್ಟ್ ಎಂದು ಲೇಬಲ್ ಮೇಲೆ ಇದ್ದರೆ ಅದು ತಡವಾಗಿ, ಸಕ್ಕರೆ ಹೆಚ್ಚಾದ ಮೇಲೆ ಕೊಯ್ದ ದ್ರಾಕ್ಷಿಯದು, ಇದಕ್ಕೇ ಮಾಡಿದ್ದು. ಮೊಸರನ್ನದ ಜೊತೆ ಯಾವುದೂ ಬೇಡ. ಗ್ಲಾಸ್ ಖಾಲಿ ಮಾಡಿಯೇ ಮೊಸರಿಗೆ ಬನ್ನಿ.

ಹಂತ 8: ತಣ್ಣಗೆ ಮಾಡಿ, ಹೆಸರು ಮುಚ್ಚಿ, ಸುರಿಯಿರಿ

‘ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು’ ಎಂಬುದು ಚಳಿ ದೇಶದ ಮಾತು. ಅವರ ರೂಮು 16ರಿಂದ 18 ಡಿಗ್ರಿ. ನಮ್ಮ ರೂಮು 32. ರೆಡ್ ಬಾಟಲಿಯನ್ನು ಊಟಕ್ಕೆ ಮುಂಚೆ 40 ನಿಮಿಷ ಫ್ರಿಜ್‌ನಲ್ಲಿಡಿ. ವೈಟ್, ರೋಸೆ ಎರಡು ಮೂರು ಗಂಟೆ. ಸ್ಪಾರ್ಕ್ಲಿಂಗ್ ಇನ್ನೂ ತಣ್ಣಗಿರಬೇಕು. ಅದರ ಮುಚ್ಚಳವನ್ನು ಸಿನಿಮಾದಲ್ಲಿ ತೋರಿಸುವ ಹಾಗೆ ಹಾರಿಸಬೇಡಿ, ಕಣ್ಣಿಗೆ ಬಡಿಯುತ್ತದೆ. ಮುಚ್ಚಳವನ್ನು ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಬೇಸಿಗೆಯಲ್ಲಿ ಸಿಹಿ ರೋಸೆಗೆ ಯಾರಾದರೂ ಐಸ್ ತುಂಡು ಹಾಕಿಕೊಂಡರೆ ಹಾಕಿಕೊಳ್ಳಲಿ ಬಿಡಿ.

ಸುರಿಯುವ ಮುಂಚೆ ನೀವೊಬ್ಬರು ವಾಸನೆ ನೋಡಿ. ಒದ್ದೆ ರಟ್ಟಿನ, ಮುಗ್ಗಲು ವಾಸನೆ ಬಂದರೆ ಬೆಂಡಿನಿಂದ ಕೆಟ್ಟಿದೆ. ವಿನೆಗರ್, ಉಗುರುಬಣ್ಣದ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಎರಡೂ ವಿಷ ಅಲ್ಲ, ಆದರೆ ಕುಡಿಯುವ ಸುಖ ಇಲ್ಲ. ಬಿಲ್ ಇಟ್ಟುಕೊಂಡಿದ್ದರೆ ಅಂಗಡಿಯವರಿಗೆ ಹೇಳಿ ನೋಡಿ. ತಳದಲ್ಲಿ ಚರಟದಂಥ ಪುಡಿ, ಹರಳು ಇದ್ದರೆ ತೊಂದರೆ ಇಲ್ಲ, ಕೊನೆಯ ಗುಟುಕು ಬಿಟ್ಟರಾಯಿತು.

ಲೋಟದಲ್ಲಿ ಮೂರರಲ್ಲಿ ಒಂದು ಭಾಗ ಮಾತ್ರ ಸುರಿಯಿರಿ. ಪರಿಮಳಕ್ಕೆ ಜಾಗ ಬೇಕು.

ಈಗ ಒಂದು ಆಟ. ಎರಡು ಬಾಟಲಿಗೂ ಹಳೇ ಪೇಪರ್ ಸುತ್ತಿ 1, 2 ಎಂದು ಬರೆಯಿರಿ. ಯಾವುದರ ಬೆಲೆ ಎಷ್ಟು ಎಂದು ಹೇಳಬೇಡಿ. ಎಲ್ಲರೂ ಎರಡೆರಡು ಗುಟುಕು ಕುಡಿದು, ಅನಿಸಿದ್ದನ್ನು ನಮ್ಮ ಮಾತಿನಲ್ಲೇ ಹೇಳಲಿ. ನೇರಳೆ, ಹುಣಸೆ, ಒದ್ದೆ ಮಣ್ಣು, ಜೋನಿ ಬೆಲ್ಲ, ಏನೇ ಆಗಲಿ. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ: ತಾರೀಖು, ಏನು ಊಟ, ಯಾರಿಗೆ ಯಾವುದು ಹಿಡಿಸಿತು, ಯಾವ ಅಂಗಡಿ. ಆಮೇಲೆ ಪೇಪರ್ ಬಿಚ್ಚಿ. ಕಡಿಮೆ ಬೆಲೆಯದು ಗೆದ್ದರೆ ಮುಂದಿನ ಸಲಕ್ಕೆ ನಿಮ್ಮ ಬಜೆಟ್ ತಾನೇ ಇಳಿಯುತ್ತದೆ. ಅಂಗಡಿಯ ಹೆಸರು ಬರೆಯುವುದನ್ನು ಮರೆಯಬೇಡಿ, ವೈನ್ ಹೆಸರಿಗಿಂತ ಅದೇ ಮುಖ್ಯ.

ಹಂತ 9: ಉಳಿದದ್ದು

ಉಳಿದರೆ ಮುಗಿಸಲೇಬೇಕು ಎಂದು ಕೂರಬೇಡಿ. ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ರೆಡ್, ವೈಟ್, ರೋಸೆ ಮೂರು ದಿನ ಚೆನ್ನಾಗಿರುತ್ತವೆ, ಐದನೇ ದಿನಕ್ಕೆ ಸಪ್ಪೆ. ಸ್ಪಾರ್ಕ್ಲಿಂಗ್ ಮರುದಿನಕ್ಕೇ ಗುಳ್ಳೆ ಕಳೆದುಕೊಳ್ಳುತ್ತದೆ. ಮಕ್ಕಳಿರುವ ಮನೆಯಲ್ಲಿ ಬಾಟಲಿಗೆ ದೊಡ್ಡದಾಗಿ ಚೀಟಿ ಅಂಟಿಸಿ. ರೋಸೆ ನೋಡಲು ಥೇಟ್ ಶರಬತ್ತಿನ ಹಾಗೇ ಇರುತ್ತದೆ.

ಖಾಲಿ ಬಾಟಲಿ ಗುಜರಿಗೆ ಹಾಕುವ ಮುಂಚೆ ಹಿಂದಿನ ಲೇಬಲ್‌ನ ಫೋಟೊ ತೆಗೆದುಕೊಳ್ಳಿ. ಮುಂದಿನ ಸಲ ಕೌಂಟರ್ ಹಿಂದಿನ ಹುಡುಗನಿಗೆ ಆ ಫೋಟೊ ತೋರಿಸಿ, ‘ಇದೇ ಕೊಡಪ್ಪ, ಆದರೆ ಹೊಸ ಬ್ಯಾಚಿಂದು, ಫ್ರಿಜ್‌ನಲ್ಲಿರೋದು’ ಎನ್ನಿ. ಮೂರನೇ ಸಲ ನೀವು ಹೋಗುವಷ್ಟರಲ್ಲಿ ಅವನೇ ಎರಡು ಬಾಟಲಿ ತೆಗೆದು ಒಳಗಿಟ್ಟಿರುತ್ತಾನೆ.